ಲೇತಿನ ಪಕ್ಕದ ಕಂಪ್ಯೂಟರಿಗೆ ವಯಸ್ಸು ಗೊತ್ತುಮಾಡುವವರು ಯಾರು?

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಲೇತಿಗೆ ವಯಸ್ಸಾಗುವ ರೀತಿ ಬೇರೆ, ಅದರ ಪಕ್ಕದ ಮೇಜಿನ ಮೇಲಿರುವ ಕಂಪ್ಯೂಟರಿಗೆ ವಯಸ್ಸಾಗುವ ರೀತಿಯೇ ಬೇರೆ. ಲೇತಿನ ಬೆಡ್ ಸವೆದರೆ ಗ್ರೈಂಡಿಂಗ್ ಮಾಡಿಸುತ್ತಾರೆ, ಬಾಲ್‌ಸ್ಕ್ರೂ ಸಡಿಲವಾದರೆ ಬದಲಿಸುತ್ತಾರೆ, ಸ್ಪಿಂಡಲಿಗೆ ಹೊಸ ಬೇರಿಂಗ್ ಹಾಕಿಸುತ್ತಾರೆ. ಹೀಗೆ ನೋಡಿಕೊಂಡ ಯಂತ್ರ ದಶಕಗಳ ಕಾಲ ಅಳತೆ ತಪ್ಪದೆ ಜಾಬ್ ಇಳಿಸುತ್ತದೆ. ಕಂಪ್ಯೂಟರಿನ ಕಥೆ ಹೀಗಿಲ್ಲ. ಒಳಗೆ ಏನೂ ಸವೆದಿರುವುದಿಲ್ಲ, ಆದರೂ ದೂರದ ಕಂಪನಿಯೊಂದರ ಕ್ಯಾಲೆಂಡರಿನಲ್ಲಿ ಬೆಂಬಲ ನಿಲ್ಲುವ ಒಂದು ತಾರೀಖು ದಾಟಿದ್ದಕ್ಕೆ ಅದು ಮುದಿಯಾಗುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಆ ತಾರೀಖು 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ವಿಂಡೋಸ್ 11ಕ್ಕೆ ಏರೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಬಹುಮಟ್ಟಿಗೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದಾಗಿರಬೇಕು. ಇಲ್ಲದಿದ್ದರೆ ಭದ್ರತಾ ಪರಿಹಾರಗಳಿಗೆ ದುಡ್ಡು ಕೊಟ್ಟು ಕಾಲ ದೂಡಬಹುದು: ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಗೊತ್ತುಮಾಡಿದ ದರ ಕಂಪ್ಯೂಟರೊಂದಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷ ವರ್ಷ ದುಪ್ಪಟ್ಟು. ಮೂರು ವರ್ಷಕ್ಕೆ 427 ಡಾಲರ್. ಆ ದುಡ್ಡಿಗೆ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರೇ ಬರುತ್ತದೆ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಲಿನಕ್ಸ್ ಹಾಕಿ. ಸಲಹೆ ತಪ್ಪಲ್ಲ, ಆದರೆ ಅರ್ಧಂಬರ್ಧ. ಆಪರೇಟಿಂಗ್ ಸಿಸ್ಟಂನೊಳಗೆ ಪ್ರೊಸೆಸರ್, ಮೆಮೊರಿ, ಪೋರ್ಟುಗಳ ಜೊತೆ ನೇರವಾಗಿ ವ್ಯವಹರಿಸುವ ಭಾಗವೇ ಕರ್ನೆಲ್. ಲಿನಕ್ಸ್ ಕರ್ನೆಲ್‌ನ ಮೂಲ ಸಂಕೇತ 2025ರ ಆರಂಭದಲ್ಲಿ ನಾಲ್ಕು ಕೋಟಿ ಸಾಲು ದಾಟಿತು. ಅದರಲ್ಲಿ ಸಾವಿರಾರು ಆಯ್ಕೆಗಳಿವೆ. ಬಹುಪಾಲು ಆಯ್ಕೆಗಳಿಗೆ ಮೂರು ಉತ್ತರ ಸಾಧ್ಯ. ಒಳಗೇ ಸೇರಿಸು, ಬೇಕಾದಾಗ ಕರೆಸಿಕೊಳ್ಳುವಂತೆ ಪಕ್ಕದಲ್ಲಿಡು, ಬಿಟ್ಟುಬಿಡು. ಈ ಉತ್ತರಗಳೆಲ್ಲ ಕಾನ್ಫಿಗರೇಶನ್ ಎಂಬ ಒಂದು ಸಾದಾ ಪಠ್ಯದ ಫೈಲಿನಲ್ಲಿ ಕೂರುತ್ತವೆ. ಹಳೆಯ ಯಂತ್ರವೊಂದು ದುಡಿಯುತ್ತದೋ ಗುಜರಿ ಸೇರುತ್ತದೋ ಎಂಬುದನ್ನು ಅನೇಕ ವೇಳೆ ತೀರ್ಮಾನಿಸುವುದು ಈ ಫೈಲು. ಅದನ್ನು ಬರೆಯುವ ಕೆಲಸವನ್ನು ನಾವು ಇನ್ನೂ ಹವ್ಯಾಸಿಗಳ ರಾತ್ರಿ ಪಾಳಿಯ ಖಯಾಲಿ ಎಂದುಕೊಂಡಿದ್ದೇವೆ. ಅದು ಫಿಟ್ಟರ್ ಕೆಲಸದಂಥದ್ದೇ ಒಂದು ಕಸುಬು, ಕೈಗಾರಿಕಾ ನಿರ್ವಹಣೆಯ ಭಾಗ. ಅದರ ಅಗತ್ಯ ನಿಜವಾಗಿ ಇರುವುದು ಐಟಿ ಕಂಪನಿಗಳ ವೈಟ್‌ಫೀಲ್ಡ್‌ಗಿಂತ ಪೀಣ್ಯದಲ್ಲಿ ಎಂಬುದು ಈ ಬರಹದ ವಾದ.

ಮೊದಲು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಮಾತು ಮುಗಿಸಿಬಿಡೋಣ. ಐಟಿ ಕಂಪನಿಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸುವ ಲ್ಯಾಪ್‌ಟಾಪುಗಳು ಕೈಯಿಂದ ಕೈಗೆ ದಾಟಿ ಎಸ್.ಪಿ. ರಸ್ತೆಯ ಅಂಗಡಿಗಳವರೆಗೆ ಬರುತ್ತವೆ. ಇವುಗಳಿಗೆ ಕರ್ನೆಲ್ ಕೆತ್ತಿ ಕೂರಿಸುವ ಅಗತ್ಯವೇ ಇಲ್ಲ. ಡೆಬಿಯನ್, ಉಬುಂಟು ಮುಂತಾದವುಗಳ ಸಿದ್ಧ ಕರ್ನೆಲ್ ತನಗೆ ಬೇಕಾದ ಡ್ರೈವರುಗಳನ್ನಷ್ಟೇ ಮೆಮೊರಿಗೆ ಕರೆದುಕೊಳ್ಳುತ್ತದೆ. ಬೇಡದ್ದನ್ನೆಲ್ಲ ಕತ್ತರಿಸಿ ಹೊಸದಾಗಿ ಕಂಪೈಲ್ ಮಾಡಿದರೆ ಉಳಿಯುವುದು ಹೆಚ್ಚೆಂದರೆ ಹತ್ತಾರು ಎಂಬಿ. ಬ್ರೌಸರಿನಲ್ಲಿ ಒಂದು ಪುಟ ತೆರೆದರೆ ಅಷ್ಟೂ ಹೋಯಿತು. ಅಲ್ಲಿ ಕೆಲಸಕ್ಕೆ ಬರುವುದು ಎಸ್‌ಎಸ್‌ಡಿ, ಹಗುರವಾದ ಡೆಸ್ಕ್‌ಟಾಪ್, ಮೆಮೊರಿಯಲ್ಲಿರುವುದನ್ನೇ ಹಿಂಡಿ ಜಾಗ ಮಾಡುವ ಝೆಡ್‌ರ‍್ಯಾಮ್ ಸೌಲಭ್ಯ. ಹಿಂದೆ ವೈಫೈ ಫರ್ಮ್‌ವೇರ್ ಹುಡುಕುವ ಪೀಕಲಾಟವಿತ್ತು. 2023ರ ಡೆಬಿಯನ್ 12ರಿಂದ ಅದೂ ಅನುಸ್ಥಾಪನೆಯ ಜೊತೆಗೇ ಬರುತ್ತದೆ. ಕರ್ನೆಲ್ ಕಟ್ಟಿಕೊಂಡರೆ ಹಳೆಯ ಲ್ಯಾಪ್‌ಟಾಪ್ ಕುದುರೆಯಾಗುತ್ತದೆ ಎಂಬುದು ಇಪ್ಪತ್ತು ವರ್ಷ ಹಿಂದಿನ ನಂಬಿಕೆ. ಆಗ ಅದು ನಿಜವೂ ಆಗಿತ್ತು.

ಪೀಣ್ಯದ ಲೆಕ್ಕ ಬೇರೆ. ಅಲ್ಲಿನ ಕಂಪ್ಯೂಟರ್ ಒಂಟಿಯಲ್ಲ, ಅದು ಯಾವುದೋ ಯಂತ್ರಕ್ಕೆ ಕಟ್ಟುಬಿದ್ದಿರುತ್ತದೆ. ಆ ಕಟ್ಟು ಮೂರು ಬಗೆಯದು. ಮೊದಲನೆಯದರಲ್ಲಿ ಸಿಎನ್‌ಸಿ ಯಂತ್ರಕ್ಕೆ ಫಾನುಕ್, ಸೀಮೆನ್ಸ್ ಮುಂತಾದವರ ಸ್ವಂತ ಕಂಟ್ರೋಲರ್ ಇರುತ್ತದೆ. ಕಂಪ್ಯೂಟರ್ ಮಾಡುವುದು ಆರ್‌ಎಸ್-232 ತಂತಿಯಲ್ಲಿ ಪ್ರೋಗ್ರಾಂ ಕಳಿಸುವ ಕೆಲಸ ಮಾತ್ರ. ಇದಕ್ಕೆ ಯಾವ ಕರ್ನೆಲ್ ಆದರೂ ನಡೆದೀತು. ಎರಡನೆಯದರಲ್ಲಿ, ಕಂಟ್ರೋಲರ್ ಕೆಟ್ಟ ಯಂತ್ರಕ್ಕೋ ಸ್ಥಳೀಯವಾಗಿ ಕಟ್ಟಿಕೊಂಡ ಸಿಎನ್‌ಸಿ ರೂಟರಿಗೋ ಕಂಪ್ಯೂಟರೇ ಮಿದುಳು, ಪ್ಯಾರಲಲ್ ಪೋರ್ಟಿನ ಮೂಲಕ ಮೋಟರಿಗೆ ಅದೇ ನೇರವಾಗಿ ತಾಳ ಹಾಕುತ್ತದೆ. ಮೂರನೆಯದು ಪರೀಕ್ಷಾ ಉಪಕರಣಗಳು. ಹಳೆಯ ಪಿಸಿಐ ಅಥವಾ ಅದಕ್ಕಿಂತ ಹಳೆಯ ಐಎಸ್‌ಎ ಸ್ಲಾಟಿನಲ್ಲಿ ಕೂತ ಕಾರ್ಡೊಂದು ಒತ್ತಡವನ್ನೋ ಎಳೆತವನ್ನೋ ಅಳೆದು ಹೇಳುತ್ತದೆ. ಸಾಮಾನ್ಯವಾಗಿ ಹೊಸ ಮದರ್‌ಬೋರ್ಡಿನಲ್ಲಿ ಆ ಕಾರ್ಡಿಗೆ ಜಾಗವೇ ಇಲ್ಲ. ಕಂಪ್ಯೂಟರ್ ಬದಲಿಸುವುದೆಂದರೆ ಇಲ್ಲಿ ಉಪಕರಣವನ್ನೇ ಬದಲಿಸಿದಂತೆ.

ಎರಡನೆಯ ಬಗೆಯಲ್ಲಿ ಕರ್ನೆಲ್‌ನ ಮಹತ್ವ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಮೋಟರಿಗೆ ಹೋಗುವ ಮಿಡಿತ ಹತ್ತಾರು ಮೈಕ್ರೋಸೆಕೆಂಡಿಗೊಮ್ಮೆ ತಪ್ಪದೆ ಬೀಳಬೇಕು. ಸಾದಾ ಡೆಸ್ಕ್‌ಟಾಪ್ ಕರ್ನೆಲ್‌ಗೆ ಆ ಶಿಸ್ತಿಲ್ಲ. ಡಿಸ್ಕ್ ಕರೆದರೆ ಅತ್ತ ತಿರುಗುತ್ತದೆ, ಪರದೆ ಕರೆದರೆ ಇತ್ತ. ಆ ಕ್ಷಣದ ತಡ ಜಾಬಿನ ಮೇಲೆ ಗೆರೆಯಾಗಿ ಮೂಡುತ್ತದೆ, ಇಲ್ಲವೇ ಮೋಟರ್ ಹೆಜ್ಜೆ ತಪ್ಪಿ ಅಳತೆ ಹೋಗುತ್ತದೆ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಯೋಜನೆಯಾಗಿ ಹುಟ್ಟಿ ಮುಂದೆ ಲಿನಕ್ಸ್‌ಸಿಎನ್‌ಸಿ ಎಂಬ ಹೆಸರು ಪಡೆದ ತಂತ್ರಾಂಶ ಇದಕ್ಕಾಗಿ ರಿಯಲ್‌ಟೈಮ್ ಕರ್ನೆಲ್ ಬೇಡುತ್ತದೆ. ಅದರ ಕೈಪಿಡಿಯಲ್ಲೊಂದು ಮೋಜಿನ ಎಚ್ಚರಿಕೆಯಿದೆ: ಹತ್ತು ಮೈಕ್ರೋಸೆಕೆಂಡಿನೊಳಗೆ ತಪ್ಪದೆ ಓಗೊಡುವ ಪೆಂಟಿಯಂ 2, ಅದಕ್ಕಿಂತ ಎಷ್ಟೋ ವೇಗದ ಪೆಂಟಿಯಂ 4ಕ್ಕಿಂತ ಒಳ್ಳೆಯ ಫಲ ಕೊಡಬಹುದು. ವಿದ್ಯುತ್ ಉಳಿಸಲು ನಿದ್ದೆಗೆ ಜಾರುವ, ಮದರ್‌ಬೋರ್ಡ್ ಕರೆದಾಗ ಆಪರೇಟಿಂಗ್ ಸಿಸ್ಟಂಗೂ ಹೇಳದೆ ಎದ್ದುಹೋಗುವ ಅಭ್ಯಾಸ ಈಚಿನ ಪ್ರೊಸೆಸರುಗಳಿಗೆ ಹೆಚ್ಚು. ಗಡಿಯಾರಕ್ಕೆ ಬದ್ಧವಾದ ಈ ಕೆಲಸದಲ್ಲಿ ಹಳತು ಎಂಬುದು ದೋಷವಾಗಬೇಕಿಲ್ಲ, ಹೊಂದಿಸಿದ್ದರೆ ಗುಣವೂ ಆದೀತು. ಇನ್ನೊಂದು ಅನುಕೂಲ ಈಚಿನದು. ಎರಡು ದಶಕ ಹೊರಗಿನ ತೇಪೆಯಾಗಿಯೇ ಉಳಿದಿದ್ದ ರಿಯಲ್‌ಟೈಮ್ ಕೋಡ್ 2024ರ ನವೆಂಬರಿನಲ್ಲಿ ಬಿಡುಗಡೆಯಾದ 6.12ನೇ ಆವೃತ್ತಿಯಿಂದ ಮುಖ್ಯ ಕರ್ನೆಲ್‌ಗೇ ಸೇರಿದೆ. ಹಿಂದೆ ತೇಪೆ ಹುಡುಕಿ, ಆವೃತ್ತಿ ಹೊಂದಿಸಿ ಹೈರಾಣಾಗಬೇಕಿತ್ತು. ಈಗ ಅದು ಕಾನ್ಫಿಗರೇಶನ್ ಫೈಲಿನ ಆಯ್ಕೆಗಳಲ್ಲೊಂದು.

ಆ ಫೈಲು ತುಂಬುವುದಕ್ಕೂ ಜಾಣ್ಮೆ ಬೇಕು. ‘ಲೋಕಲ್‌ಮಾಡ್‌ಕಾನ್ಫಿಗ್’ ಎಂಬ ಆಜ್ಞೆ ಆ ಗಳಿಗೆಯಲ್ಲಿ ಯಾವ ಡ್ರೈವರುಗಳು ಬಳಕೆಯಲ್ಲಿವೆ ಎಂದು ನೋಡಿ ಉಳಿದವನ್ನು ಕಿತ್ತುಹಾಕುತ್ತದೆ. ಕೇಳಲು ಚೆನ್ನ. ಆದರೆ ಆ ಹೊತ್ತಿಗೆ ಸೀರಿಯಲ್ ಕನ್ವರ್ಟರ್ ಚುಚ್ಚಿರದಿದ್ದರೆ ಅದರ ಡ್ರೈವರೂ ಹೋಯಿತು. ನಾಳೆ ಶಿಫ್ಟಿನವರು ಬಂದು ಚುಚ್ಚಿದರೆ ಯಂತ್ರ ಸ್ಪಂದಿಸುವುದಿಲ್ಲ. ಡಿಸ್ಕಿನ ಡ್ರೈವರ್ ಬಿಟ್ಟುಹೋದರೆ ಕಂಪ್ಯೂಟರ್ ಏಳುವುದೇ ಇಲ್ಲ. ಅದಕ್ಕೇ ಹಳೆಯ ಕರ್ನೆಲನ್ನು ಪಕ್ಕದಲ್ಲಿ ಉಳಿಸಿಕೊಳ್ಳುವುದು ಈ ಕಸುಬಿನ ಮೊದಲ ನಿಯಮ. ಹಾಗೆಯೇ ಹಳೆಯದಕ್ಕೆಲ್ಲ ಲಿನಕ್ಸ್ ಸೈ ಎಂಬ ಮಾತಿಗೂ ಎಲ್ಲೆಯಿದೆ. 386 ಪ್ರೊಸೆಸರಿನ ಮೇಲೆ 1991ರಲ್ಲಿ ಹುಟ್ಟಿದ ಲಿನಕ್ಸ್, 2013ರ 3.8ನೇ ಆವೃತ್ತಿಯಲ್ಲಿ ಅದೇ 386ಅನ್ನು ಕೈಬಿಟ್ಟಿತು. 2025ರಲ್ಲಿ 486ಅನ್ನೂ ಕೈಬಿಡುವ ಪ್ರಸ್ತಾವ ಬಂತು. ಅದೇ ವರ್ಷದ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಸಿದ್ಧ ಕರ್ನೆಲ್ ಇಲ್ಲ. ಅಂದರೆ 32 ಬಿಟ್ ಯಂತ್ರ ಇಟ್ಟುಕೊಂಡವರು ಇನ್ನು ಮುಂದೆ ಸ್ವಂತವಾಗಿ ಕಟ್ಟಿಕೊಳ್ಳಬೇಕು, ಇಲ್ಲವೇ ಕಟ್ಟಿಕೊಡುವವರನ್ನು ಹುಡುಕಬೇಕು. ಕಾರ್ಡಿಗೆ ಡ್ರೈವರೇ ಇಲ್ಲವೆಂದಾದರೆ ಯಾವ ಕಾನ್ಫಿಗರೇಶನ್ನೂ ಕೈಹಿಡಿಯದು.

ಈ ವಾದಕ್ಕೆ ಎದುರಾಗುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಭದ್ರತೆಯದು. ಸಿದ್ಧ ಕರ್ನೆಲ್‌ಗೆ ಭದ್ರತಾ ಪರಿಹಾರ ತಾನಾಗಿ ಬರುತ್ತದೆ, ಕೈಯಾರೆ ಕಟ್ಟಿದ್ದಕ್ಕೆ ಪ್ರತಿ ಸಲ ಕಟ್ಟಿದವರೇ ಮರಳಿ ಕೂರಬೇಕು. ದೀರ್ಘಾವಧಿ ಕರ್ನೆಲ್‌ಗಳಿಗೆ ಆರು ವರ್ಷವಿದ್ದ ಬೆಂಬಲವನ್ನು ಎರಡಕ್ಕೆ ಇಳಿಸುವುದಾಗಿ ಕರ್ನೆಲ್ ಅಭಿವೃದ್ಧಿಪಡಿಸುವವರು 2023ರಲ್ಲಿ ಹೇಳಿದ ಮೇಲಂತೂ ಈ ಹೊರೆ ಹೆಚ್ಚಿದೆ. ಒಪ್ಪಬೇಕಾದ ಮಾತೇ. ಆದರೆ ಹೋಲಿಕೆ ಯಾವುದರ ಜೊತೆ? ಇಂಥ ಕಡೆ ಎದುರಿಗಿರುವುದು ಹೊಚ್ಚಹೊಸ ಸಿಸ್ಟಂ ಅಲ್ಲ, ಬೆಂಬಲ ನಿಂತು ವರ್ಷಗಳಾದ ವಿಂಡೋಸ್ ಎಕ್ಸ್‌ಪಿಯೋ 7ಓ. 2017ರ ಮೇ ತಿಂಗಳ ವಾನಾಕ್ರೈ ಎಂಬ ಕುತಂತ್ರಾಂಶದ ದಾಳಿಯಲ್ಲಿ ಕಾರ್ಖಾನೆಗಳೂ ಆಸ್ಪತ್ರೆಗಳೂ ನಿಂತುಹೋದಾಗ, ಮೂರು ವರ್ಷದ ಹಿಂದೆ ಕೈಬಿಟ್ಟ ಎಕ್ಸ್‌ಪಿಗೆ ಮೈಕ್ರೋಸಾಫ್ಟೇ ಪರಿಹಾರ ಹೊರಡಿಸಬೇಕಾಯಿತು. ಸ್ವಂತ ಕಾನ್ಫಿಗರೇಶನ್ನಿಗೆ ಸಿದ್ಧ ಕರ್ನೆಲ್‌ಗಿಲ್ಲದ ಒಂದು ಸ್ವಾತಂತ್ರ್ಯವಿದೆ: ಬೇಡದ ಬಾಗಿಲನ್ನು ಮುಚ್ಚುವುದರ ಬದಲು ಬಾಗಿಲನ್ನೇ ಇಡದಿರುವುದು. ಸೀರಿಯಲ್ ತಂತಿಯೊಂದೇ ಸಾಕಾದ ಕಂಪ್ಯೂಟರಿನ ಕರ್ನೆಲ್‌ನಿಂದ ನೆಟ್‌ವರ್ಕ್ ಭಾಗವನ್ನೇ ತೆಗೆದುಹಾಕಬಹುದು. 2018ರಲ್ಲಿ ಬಯಲಾದ ಮೆಲ್ಟ್‌ಡೌನ್ ದೋಷಕ್ಕೆ ಹಾಕಿದ ತಡೆ ಹಳೆಯ ಇಂಟೆಲ್ ಪ್ರೊಸೆಸರುಗಳನ್ನು ಹೆಚ್ಚು ನಿಧಾನಿಸುತ್ತದೆ. ಹೊರಲೋಕದ ಸಂಪರ್ಕವಿಲ್ಲದ ಯಂತ್ರದಲ್ಲಿ ಆ ತಡೆ ಬೇಕೇ ಎಂಬುದನ್ನು ಯೋಚಿಸಿ ತೀರ್ಮಾನಿಸಬಹುದು. ಬ್ಯಾಂಕಿನ ವ್ಯವಹಾರ ನಡೆಸುವ ಲ್ಯಾಪ್‌ಟಾಪಿನಲ್ಲಿ ಅದನ್ನು ಮುಟ್ಟಲೇಬಾರದು.

ಇನ್ನೊಂದು ಆಕ್ಷೇಪ ವಿದ್ಯುತ್ತಿನದು, ಅದರಲ್ಲೂ ಹುರುಳಿದೆ. ನೂರು ವಾಟ್ ಎಳೆಯುವ ಹಳೆಯ ಪೆಟ್ಟಿಗೆ ದಿನಕ್ಕೆ ಹತ್ತು ಗಂಟೆಯಂತೆ ಮುನ್ನೂರು ದಿನ ಓಡಿದರೆ ವರ್ಷಕ್ಕೆ 300 ಯೂನಿಟ್. ಹತ್ತು ವಾಟಿನ ಚಿಕ್ಕ ಕಂಪ್ಯೂಟರಿಗೆ 30. ಬರೀ ಬಿಲ್ ಮಾಡಲು ಪೆಂಟಿಯಂ 4 ಉಳಿಸಿಕೊಳ್ಳುವುದು ಜಿಪುಣತನವೇ ಹೊರತು ಉಳಿತಾಯವಲ್ಲ. ಕಾರ್ಡಿಗೋ ಪೋರ್ಟಿಗೋ ಕಟ್ಟುಬಿದ್ದ ಯಂತ್ರದ ಮಾತು ಮಾತ್ರ ಬೇರೆ. ಲೆಕ್ಕದ ಟ್ಯಾಲಿಯೋ ಕನ್ನಡ ಟೈಪಿಂಗಿನ ‘ನುಡಿ’ಯೋ ಓಡಬೇಕಾದ ಆಫೀಸಿನ ಕಂಪ್ಯೂಟರನ್ನೂ ಈ ಚರ್ಚೆಯಿಂದ ಹೊರಗಿಡುವುದು ಕ್ಷೇಮ. ಅವು ನೆಚ್ಚಿರುವುದು ವಿಂಡೋಸನ್ನು.

ಹಾಗಾದರೆ ಮಾಡುವವರು ಯಾರು? ಮೂರು ಲೇತಿನ ಮಾಲೀಕ ಎಂಜಿನಿಯರಿಗೆ ದಿನಗೂಲಿ ಕೊಟ್ಟು ಕರ್ನೆಲ್ ಕಟ್ಟಿಸಲಾರ, ನಿಜ. ಆದರೆ ಪ್ರತಿ ಶೆಡ್ಡಿಗೂ ಒಂದೊಂದು ಕರ್ನೆಲ್ ಬೇಕಿಲ್ಲ. ಒಂದೇ ಮಾದರಿಯ ಮದರ್‌ಬೋರ್ಡಿಗೆ ಒಂದು ಫೈಲು, ಅದನ್ನು ಯಾರು ಬೇಕಾದರೂ ನಕಲಿಸಿಕೊಳ್ಳಬಹುದು. ಒಬ್ಬರು ಕಟ್ಟಿ ಎಲ್ಲರೂ ಬಳಸುವ ಪದ್ಧತಿಗೆ ದೊಡ್ಡ ಉದಾಹರಣೆ ನಮ್ಮ ಗಡಿಯಲ್ಲೇ ಇದೆ. ಕೇರಳದ ಐಟಿ@ಸ್ಕೂಲ್ ಯೋಜನೆ (2017ರಿಂದ ಅದರ ಹೆಸರು ‘ಕೈಟ್’) ಶಾಲೆಗಳಿಗೆಂದೇ ಒಂದು ಗ್ನೂ/ಲಿನಕ್ಸ್ ಆವೃತ್ತಿ ಸಿದ್ಧಪಡಿಸಿ ನೋಡಿಕೊಂಡು ಬಂದಿದೆ; ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ಶಾಲೆಯ ಮೇಷ್ಟ್ರು ಯಾರೂ ಕಂಪೈಲ್ ಮಾಡುವುದಿಲ್ಲ. ಬೆಂಗಳೂರಿಗೂ ಇದು ಅಪರಿಚಿತ ವಿದ್ಯೆಯಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಸಂಸ್ಥೆಯ ಎಂಜಿನಿಯರುಗಳೂ ಸೇರಿ 206 ಮೆಗಾಹರ್ಟ್ಸ್ ಚಿಪ್ಪಿಗೆ ಲಿನಕ್ಸ್ ಹೊಂದಿಸಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್, 2004ರಲ್ಲಿ ಬಿಇಎಲ್ ಕೈಯಲ್ಲಿ ತಯಾರಾಗಿ ‘ಅಮಿಡಾ’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ವ್ಯಾಪಾರವಾಗಿ ಅದು ಸೋತಿತು ಎನ್ನುವುದು ಬೇರೆ ಮಾತು. ಅದೇ ವರ್ಷ ಲಿನಕ್ಸ್‌ಗೆ ಸೇರಿದ ‘ಕೆಪ್ರೋಬ್ಸ್’ ಎಂಬ ದೋಷಶೋಧಕದಲ್ಲಿ ಐಬಿಎಂನ ಬೆಂಗಳೂರು ಎಂಜಿನಿಯರುಗಳ ಪಾಲು ದೊಡ್ಡದು. ನಾಳೆಯ ಚಿಪ್ಪುಗಳಿಗೆ ಕರ್ನೆಲ್ ತಿದ್ದುವ ಊರಿಗೆ ನಿನ್ನೆಯ ಚಿಪ್ಪಿನ ಗೊಡವೆ ಬೇಡವಾಗಿದೆ, ಅಷ್ಟೇ. ತುಮಕೂರು ರಸ್ತೆಯಲ್ಲಿ ಪೀಣ್ಯಕ್ಕೆ ಹತ್ತಿರದಲ್ಲೇ ಯಂತ್ರೋಪಕರಣ ಸಂಶೋಧನೆಯ 1962ರ ಸಿಎಂಟಿಐ ಇದೆ, ಊರಿನಲ್ಲೇ ಸರ್ಕಾರಿ ಟೂಲ್‌ರೂಮ್ ಜಿಟಿಟಿಸಿ ಇದೆ, ರಾಜ್ಯದುದ್ದಕ್ಕೂ ಟಾಟಾ ಟೆಕ್ನಾಲಜೀಸ್ ಜೊತೆ ಮೇಲ್ದರ್ಜೆಗೇರಿಸಿದ 150 ಸರ್ಕಾರಿ ಐಟಿಐಗಳಿವೆ. ಯಂತ್ರದ ಗುಣವನ್ನೂ ಕರ್ನೆಲ್‌ನ ಗುಣವನ್ನೂ ಒಟ್ಟಿಗೆ ಅಳೆಯಬಲ್ಲ ಜಾಗಗಳು ಇವೇ. ಪೀಣ್ಯ ಕೈಗಾರಿಕಾ ಸಂಘ ಮನಸ್ಸು ಮಾಡಿದರೆ ಯಾವ ಶೆಡ್ಡಿನಲ್ಲಿ ಯಾವ ಬೋರ್ಡು, ಯಾವ ಕಾರ್ಡು ಎಂಬ ಪಟ್ಟಿಯಿಂದ ಶುರು ಮಾಡಬಹುದು.

2021ರ ಡಿಸೆಂಬರಿನಲ್ಲಿ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡಾಗ ಸಂಚಾರ ನಿಲ್ಲಿಸಿದರು, ಹೊಸ ಕೇಬಲ್ ತೂರಿಸಿದರು, ಭಾರ ಇಟ್ಟು ಪರೀಕ್ಷಿಸಿ 2024ರ ಜುಲೈನಲ್ಲಿ ಭಾರಿ ವಾಹನಗಳಿಗೆ ಮತ್ತೆ ತೆರೆದರು. ಸೇತುವೆಯನ್ನು ಹಾಗೆ ನೋಡಿಕೊಳ್ಳಬಲ್ಲ ಬೆಲ್ಟಿನಲ್ಲಿ ಕಂಪ್ಯೂಟರ್ ಮಾತ್ರ ತಾರೀಖು ದಾಟಿತೆಂದು ದಾಬಸ್‌ಪೇಟೆಯ ಇ-ತ್ಯಾಜ್ಯ ಘಟಕದ ದಾರಿ ಹಿಡಿಯುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ದುರಸ್ತಿ ಮಾಡಿ ಮರಳಿ ಬಳಕೆಗೆ ತರುವವರನ್ನು ನೋಂದಾಯಿಸಿಕೊಳ್ಳುತ್ತವೆ, ಅವರ ಕೆಲಸಕ್ಕೆ ಪ್ರಮಾಣಪತ್ರವನ್ನೂ ಕೊಡುತ್ತವೆ. ಕಸುಬಿಗೆ ಕಾನೂನಿನ ಮನ್ನಣೆಯಿದೆ. ಆ ದುರಸ್ತಿಯಲ್ಲಿ ಸ್ಕ್ರೂಡ್ರೈವರಿನ ಜೊತೆ ಕಾನ್ಫಿಗರೇಶನ್ನನ್ನೂ ಸೇರಿಸಿಕೊಳ್ಳಬೇಕಿದೆ.

ಹೊಸ ಯಂತ್ರ ಕೊಳ್ಳುವವರ ಕೈಯಲ್ಲೂ ಒಂದು ಅಸ್ತ್ರವಿದೆ, ಬಳಸುವವರು ಕಡಿಮೆ. ಈಗ ಬರುತ್ತಿರುವ ಅನೇಕ ಕಂಟ್ರೋಲರುಗಳ, ಯಂತ್ರದ ಪರದೆಗಳ ಒಳಗಿರುವುದು ಲಿನಕ್ಸ್ ಕರ್ನೆಲ್ಲೇ. ಅದರ ಪರವಾನಗಿ ಜಿಪಿಎಲ್ ಎರಡನೇ ಆವೃತ್ತಿ, 1991ರದು. ಅದರ ಪ್ರಕಾರ ಯಂತ್ರ ಪಡೆದವರು ಕರ್ನೆಲ್‌ನ ಮೂಲ ಸಂಕೇತವನ್ನು ಮಾತ್ರವಲ್ಲ, ಅದನ್ನು ಕಂಪೈಲ್ ಮಾಡುವುದನ್ನು ನಿಯಂತ್ರಿಸಿದ ಸ್ಕ್ರಿಪ್ಟುಗಳನ್ನೂ ಕೇಳಿ ಪಡೆಯಬಹುದು. ಹದಿನೈದು ವರ್ಷದ ನಂತರ ತಯಾರಕ ಕೈಚೆಲ್ಲಿದಾಗ ಬೇಕಾಗುವುದು ಅವೇ. ಯಂತ್ರ ಶೆಡ್ಡಿಗೆ ಬಂದಿಳಿದ ಮೇಲೆ ಕೇಳುವುದಕ್ಕಿಂತ, ವಾರಂಟಿ, ಎಎಂಸಿ, ಸ್ಪೇರ್ ಪಾರ್ಟುಗಳ ಷರತ್ತುಗಳ ಜೊತೆ ಪರ್ಚೇಸ್ ಆರ್ಡರಿನಲ್ಲೇ ಅದನ್ನೂ ಒಂದು ಸಾಲಾಗಿ ಬರೆಯುವುದು ಸುಲಭ.