ಆರೋಗ್ಯ ವಿಚಾರ: ಕಟ್ಟಿದ ಪಿತ್ತನಾಳ

ಕಣ್ಣು ಹಳದಿಯಾದೊಡನೆ ಸೊಪ್ಪಿನ ಔಷಧವನ್ನು ಕುಡಿಸಿ ಪಥ್ಯವಿಡುವ ರೂಢಿಯು ನಮ್ಮ ಕೊಣ್ಣೂರಿನ ಕಡೆಯ ಗೃಹಸ್ಥರಿಗೆ ಹೊಸತಲ್ಲ. ಯಕೃತ್ತಿನ ಉರಿಯೂತದಿಂದ ಬಂದ ಕಾಮಾಲೆಗಳಲ್ಲಿ ಅನೇಕವು ತಾವಾಗಿಯೇ ಇಳಿಯುವುದರಿಂದ ಕೀರ್ತಿಯು ಸೊಪ್ಪಿಗೆ ಸಲ್ಲುತ್ತದೆ! ಆದರೆ ಪಿತ್ತನಾಳವು ಕಲ್ಲಿನಿಂದಲೋ ಗಡ್ಡೆಯಿಂದಲೋ ಕಟ್ಟಿದ್ದರೆ ಯಾವ ಪಥ್ಯವೂ ಅದನ್ನು ತೆರೆಯಲಾರದು. ಮಲವು ಅರೆದ ಎಳ್ಳಿನಂತೆ ಬಿಳುಪಾಗುವ, ಪಿತ್ತದ ಮಾರ್ಗವು ಕಟ್ಟಿದ ಕಾಮಾಲೆಯನ್ನು ಚರಕಸಂಹಿತೆಯೇ ಬೇರೆಯಾಗಿ ಗುರುತಿಸಿರುವುದು. ಮೂತ್ರವು ಕಪ್ಪೇರುವುದೂ ಮೈ ತುರಿಸುವುದೂ ಇದರಲ್ಲಿ ಉಂಟು.

ತೊಡಕನ್ನು ಹೊಟ್ಟೆ ಕೊಯ್ಯದೆ ಕಾಣಲು ಮೊದಲು ಸೋನೋಗ್ರಫಿ, ಬಳಿಕ ಸಿ.ಟಿ. ಸ್ಕ್ಯಾನ್. ಹೌನ್ಸ್‌ಫೀಲ್ಡರ ಈ ಯಂತ್ರವು 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳನ್ನು ತೋರಿಸಿತು. ಯಕೃತ್ತಿನ ಸರದಿ ಆಮೇಲೆ ಬಂದಿತು. ಕ್ಷ-ಕಿರಣಗಳಿಂದ ಅದು ದೇಹವನ್ನು ಸೌತೆಕಾಯಿಯ ಬಿಲ್ಲೆಗಳಂತೆ ಪದರಪದರವಾಗಿ ಚಿತ್ರಿಸುತ್ತದೆ. ಆರೋಗ್ಯವಂತನ ಯಕೃತ್ತಿನೊಳಗೆ ಪಿತ್ತನಾಳಗಳು ಅಷ್ಟಾಗಿ ಕಾಣವು. ಕೆಳಗೆ ಕಟ್ಟಿದರೆ ಉಬ್ಬಿ, ಎಲೆಯುದುರಿದ ಮರದ ಕೊಂಬೆಗಳಂತೆ ಕಪ್ಪಾಗಿ ತೋರುವವು. ಉಬ್ಬು ಎಲ್ಲಿ ತಟ್ಟನೆ ನಿಲ್ಲುವುದೋ ಅಲ್ಲಿಯೇ ತಡೆ. ಗಡ್ಡೆಯಿದ್ದರೆ ಅದು ಎಷ್ಟು ಹಬ್ಬಿದೆಯೆಂಬುದೂ ಬಹುಮಟ್ಟಿಗೆ ತಿಳಿಯುತ್ತದೆ.

ಕೊಲೆಸ್ಟರಾಲಿನ ಕೆಲವು ಕಲ್ಲುಗಳು ಮಾತ್ರ ಪಿತ್ತರಸದಷ್ಟೇ ಸಾಂದ್ರವಾಗಿದ್ದು ಈ ಯಂತ್ರಕ್ಕೂ ಕಾಣದೆ ಹೋಗಬಹುದು, ಆಗ ಎಂ.ಆರ್.ಐ. ಬೇಕಾದೀತು. ಮೂತ್ರಪಿಂಡದ ವ್ಯಾಧಿಯುಳ್ಳವರು ಪರೀಕ್ಷೆಯಲ್ಲಿ ಕೊಡುವ ಚುಚ್ಚುಮದ್ದಿಗೆ ಮುಂಚೆಯೇ ವೈದ್ಯರಿಗೆ ತಿಳಿಸತಕ್ಕದ್ದು. ಹಳದಿಯೊಡನೆ ಚಳಿನಡುಕದ ಜ್ವರವೂ ಬಂದರೆ ಸ್ಕ್ಯಾನಿನ ಸರದಿಗೆಂದು ಮನೆಯಲ್ಲಿ ಕಾಯದೆ ಅಂದೇ ಆಸ್ಪತ್ರೆಯನ್ನು ಸೇರತಕ್ಕದ್ದು.