ಪೊರಕೆ ಹಿಡಿಯುವ ಮುನ್ನ ತಟ್ಟೆಯ ಮಾತು

ಬಸವ ಜಯಂತಿ ಹತ್ತಿರ ಬಂತೆಂದರೆ ಊರೂರಲ್ಲಿ ಶ್ರಮದಾನದ ಕರೆ ಹೊರಡುತ್ತದೆ. ಬೆಳಿಗ್ಗೆ ಆರಕ್ಕೆ ಕೆರೆ ದಂಡೆ, ಬಸ್ ನಿಲ್ದಾಣ, ಸಂತೆ ಮೈದಾನ. ಹೊಸ ಪೊರಕೆ, ಕೈಗವಸು, ಒಂದು ಬ್ಯಾನರು. ನಾನೂ ಹೋಗುತ್ತೇನೆ, ಮುಂದೆಯೂ ಹೋಗುವೆ. ಆದರೆ ಇದನ್ನು ‘ಕಾಯಕ’ ಎಂದು ಮೈಕಿನಲ್ಲಿ ಹೊಗಳುವಾಗ ನನಗೆ ಸಂಕೋಚವಾಗುತ್ತದೆ.

ಶರಣೆ ಸತ್ಯಕ್ಕನವರದು ಕಸ ಗುಡಿಸುವ ಕಾಯಕ. ವರ್ಷಕ್ಕೊಂದು ದಿನದ್ದಲ್ಲ, ನಿತ್ಯದ್ದು. ಪೊರಕೆ ಹಿಡಿದ ಆ ತಾಯಿ ವಚನಕಾರ್ತಿಯೂ ಹೌದು. ಶರಣ ಸಂಕುಲ ಅವರನ್ನು ಕೆಳಗೆ ಕೂರಿಸಲಿಲ್ಲ. ಇಂದು ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕರಲ್ಲಿ ಬಹುಪಾಲು ದಲಿತರು. ಅವರು ನೀರು ಕೇಳಿದಾಗ ಬೇರೆ ಲೋಟ ಹುಡುಕುವ ಮನೆಗಳು ನಮ್ಮಲ್ಲಿ ಇಲ್ಲವೆ? ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ, ಕೈಯಲ್ಲಿ ಬೇರೆ ಲೋಟ! ಆ ಲೋಟ ಹೋಗದೆ ನಾವು ಒಂದು ದಿನ ಹಿಡಿಯುವ ಪೊರಕೆಯಿಂದ ಬೀದಿಯಷ್ಟೇ ಸ್ವಚ್ಛವಾದೀತು, ಅದೂ ಮರುದಿನದವರೆಗೆ.

ಇನ್ನು ಕಸದ ಮಾತು. ಶ್ರಮದಾನದ ಮೂಟೆಯನ್ನು ಒಮ್ಮೆ ಬಿಚ್ಚಿ ನೋಡಿ. ಗುಟ್ಕಾ ಚೀಟಿ, ಶಾಂಪೂ ಪೊಟ್ಟಣ: ಗುಜರಿಯವರೂ ಮುಟ್ಟದ ಪದರದ ಪ್ಲಾಸ್ಟಿಕ್. (ಅರಳಿಕಟ್ಟೆಯ ಬುಡದಲ್ಲಿ ಗಾಜೊಡೆದ ದೇವರ ಪಟಗಳೂ ಸಿಗುತ್ತವೆ, ಸ್ಥಾವರ ಪೂಜೆ ಬಿಟ್ಟೆವು ಎನ್ನುವವರ ಮನೆಯವೂ ಅದರಲ್ಲಿರುತ್ತವೆ.) ಉಳಿದದ್ದು ಊಟದ ತಟ್ಟೆ, ನೀರಿನ ಲೋಟ. ಅವು ನಮ್ಮ ಜಾತ್ರೆ, ಮದುವೆ, ಸಮಾವೇಶಗಳವೇ. ಪ್ಲಾಸ್ಟಿಕ್, ಥರ್ಮಾಕೋಲ್ ತಟ್ಟೆ ಲೋಟಗಳನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಇದೆ. ಹೀಗಿದ್ದೂ ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಂಡ ತಟ್ಟೆಯನ್ನು ಚರಂಡಿಗೆ ಎಸೆದು ಬರುತ್ತೇವೆ. ಅದನ್ನು ಚರಂಡಿಯಿಂದ ಎತ್ತುವುದು ಮತ್ತದೇ ಪೌರಕಾರ್ಮಿಕರ ಕೈ. ಇದು ದಾಸೋಹವಾಗದು.

ಸ್ಟೀಲ್ ತಟ್ಟೆಯಾದರೆ ತೊಳೆಯಲು ನೀರು ಬೇಕು, ಆಳು ಬೇಕು ಎನ್ನುತ್ತಾರೆ. ನೀರಿನ ಮಾತು ಬರಗಾಲದ ಊರಿನಲ್ಲಿ ನಿಜ. ಅಲ್ಲಿ ಮುತ್ತುಗದ ಎಲೆ ಇದೆ, ಅಡಿಕೆ ಹಾಳೆ ಇದೆ. ಆಳಿನ ಮಾತನ್ನು ನಾನು ಒಪ್ಪುವುದಿಲ್ಲ. ಮಠಗಳ ಪ್ರಸಾದ ನಿಲಯಗಳಲ್ಲಿ ಓದಿದವರಿಗೆ ಉಂಡ ತಟ್ಟೆಯನ್ನು ತಾವೇ ತೊಳೆದಿಟ್ಟದ್ದು ನೆನಪಿರಬೇಕು. ಹುಡುಗರಿಗೆ ಆಗುವುದು ದೊಡ್ಡವರಿಗೆ ಏಕಾಗದು?

ಮಠ ಮನಸ್ಸು ಮಾಡಿದರೆ ಜನ ಬರುತ್ತಾರೆ. ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು 2019ರಲ್ಲಿ ಹಿರೇಹಳ್ಳಕ್ಕೆ ತಾವೇ ಇಳಿದಾಗ ಸುತ್ತಲ ಊರುಗಳವರು ಹಿಂದೆಯೇ ಇಳಿದರು. ನಾನು ಕೇಳುತ್ತಿರುವುದು ಹಳ್ಳದಷ್ಟು ದೊಡ್ಡದಲ್ಲ. ಈ ಸಲದ ಜಯಂತಿಯ ಸಿದ್ಧತಾ ಸಭೆಯಲ್ಲಿ ಮೆರವಣಿಗೆಯ ದಾರಿ ನಿಶ್ಚಯಿಸುವ ಮೊದಲು ಪ್ರಸಾದದ ತಟ್ಟೆ ಯಾವುದು, ಮರುದಿನ ಬೀದಿ ಗುಡಿಸುವವರು ಯಾರು, ಆ ಊರಿನ ಪೌರಕಾರ್ಮಿಕರು ಪ್ರಸಾದದ ಪಂಕ್ತಿಯಲ್ಲಿ ನಮ್ಮ ಪಕ್ಕ ಕೂರುತ್ತಾರೆಯೇ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.