ಗೂಡಿನ ಮುಂದೆ ಕ್ಯಾಮೆರಾ: ಎಷ್ಟು ಹತ್ತಿರ ಹೋಗಬಹುದು?

ಬೂನ್ ಲೇ ಕಡೆ ಇರೋರಿಗೆ ಜುರಾಂಗ್ ಬರ್ಡ್ ಪಾರ್ಕ್ ಗೊತ್ತೇ ಇರುತ್ತೆ. 1971ರಲ್ಲಿ ಶುರುವಾದದ್ದು, 2023ರ ಜನವರಿ 3ಕ್ಕೆ ಬಾಗಿಲು ಹಾಕಿತು. ಹಕ್ಕಿಗಳು ಮಂಡಾಯ್‌ಗೆ ಹೋದವು. ಸಾಕಿದ ಹಕ್ಕಿಗಳು, ಹತ್ತಿರ ಹೋಗಿ ಕ್ಲಿಕ್ಕಿಸಿದ್ರೂ ನಡೀತಿತ್ತು. ಅದೇ ಅಭ್ಯಾಸ ಕಾಡುಹಕ್ಕಿಯ ಗೂಡಿನ ಹತ್ತಿರ ಬೇಡ ಅನ್ನೋದು ಇವತ್ತಿನ ನನ್ನ ಮಾತು.

ಬೂನ್ ಲೇಯಲ್ಲಿ ಹಸಿರು ಲೈನ್ ಹತ್ತಿ ಪೂರ್ವದ ಕೊನೆ ನಿಲ್ದಾಣ ಪಾಸಿರ್ ರಿಸ್‌ನಲ್ಲಿ ಇಳಿದರೆ, ಅಲ್ಲಿನ ಪಾರ್ಕಿನ ಮರಗಳಲ್ಲಿ ಬೂದು ಬಕಗಳು ಗುಂಪಾಗಿ ಗೂಡು ಕಟ್ಟುತ್ತವೆ. ಕೆಳಗೆ ಜನ ಓಡಾಡ್ತಾನೇ ಇರ್ತಾರೆ. ಮದ್ದೂರು ತಾಲ್ಲೂಕಿನ ನಮ್ಮ ಕೊಕ್ಕರೆ ಬೆಳ್ಳೂರೂ ಹಾಗೇ. ಹುಣಸೆ ಮರದ ಮೇಲೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಕೆಳಗೆ ಎಮ್ಮೆ, ಮಕ್ಕಳು, ಬೈಕು. ಇಷ್ಟಕ್ಕೆಲ್ಲ ಹೆದರದ ಹಕ್ಕಿ ನನ್ನ ಕ್ಯಾಮೆರಾಗೆ ಹೆದರುತ್ತಾ ಅಂತ ಕೇಳೋರಿದ್ದಾರೆ. ಹೆದರುತ್ತೆ. ಅದು ಒಗ್ಗಿಕೊಂಡಿರೋದು ತನ್ನ ಪಾಡಿಗೆ ದಾಟಿ ಹೋಗುವ ಮನುಷ್ಯನಿಗೆ. ನಿಂತು ಗೂಡನ್ನೇ ದಿಟ್ಟಿಸುವವನು ಅದರ ಲೆಕ್ಕದಲ್ಲಿ ಬೇರೆಯೇ ಪ್ರಾಣಿ. ತಾರಸಿ ಹತ್ತಿ ಗೂಡಿನ ಮಟ್ಟಕ್ಕೇ ಬಂದ್ರೆ, ಡ್ರೋನ್ ಹಾರಿಸಿದ್ರೆ, ಕೇಳೋದೇ ಬೇಡ.

ಹಕ್ಕಿ ಎದ್ದು ಹೋದರೆ ಏನಾಗುತ್ತೆ? ಮಾರ್ಚ್-ಏಪ್ರಿಲ್ ಬಿಸಿಲಿಗೆ ಪುಕ್ಕ ಬಾರದ ಮರಿ ಬೆಂದೇ ಹೋಗಬಹುದು. ದೊಡ್ಡ ಹಕ್ಕಿಗಳು ರೆಕ್ಕೆ ಬಿಚ್ಚಿ ನೆರಳು ಹಿಡಿಯೋದು ಅದಕ್ಕೇ. ಕಾಗೆ, ಹದ್ದು ಇಂಥ ಸಮಯಕ್ಕೇ ಕಾಯ್ತಿರುತ್ತವೆ. ಗಾಬರಿಯಲ್ಲಿ ಕೆಳಗೆ ಬಿದ್ದ ಹೆಜ್ಜಾರ್ಲೆ ಮರಿಗೆ ತಾಯಿ-ತಂದೆ ನೆಲಕ್ಕಿಳಿದು ಉಣಿಸೋದಿಲ್ಲ. ಊರವರೇ ಮೀನು ತಿನ್ನಿಸಿ ಬದುಕಿಸಬೇಕು. ನಮ್ಮ ಒಂದು ಫೋಟೋದ ಖರ್ಚು ಅವರ ತಲೆಗೆ ಯಾಕೆ?

ಹಾಗಂತ ಗೂಡಿನ ಫೋಟೋನೇ ತೆಗೀಬಾರದು ಅನ್ನೋರ ವಾದವೂ ನನಗೆ ಒಪ್ಪಿಗೆಯಿಲ್ಲ. ಬೆಳ್ಳೂರಿನ ರಸ್ತೆಯಿಂದ ಉದ್ದನೆ ಲೆನ್ಸಿನಲ್ಲಿ ವರ್ಷ ವರ್ಷ ಅದೇ ಮರದ ಚಿತ್ರ ತೆಗೆದಿಟ್ಟರೆ, ಗೂಡು ಎಷ್ಟಿತ್ತು, ಎಷ್ಟಾಯ್ತು ಅಂತ ಯಾರು ಬೇಕಾದ್ರೂ ಎಣಿಸಬಹುದು. (ರೆಕ್ಕೆ ಬಿಚ್ಚಿದ ಕ್ಲೋಸಪ್ಪಿನಲ್ಲಿ ಅದೊಂದೂ ಕಾಣೋದಿಲ್ಲ, ಲೈಕ್ ಮಾತ್ರ ಬರುತ್ತೆ.) ಎಷ್ಟು ಮೀಟರ್ ದೂರ ಅಂತ ಕೇಳ್ಬೇಡಿ, ಹಕ್ಕಿಯನ್ನ ನೋಡಿ. ಕತ್ತು ನೀಳ ಮಾಡಿ ನಿಮ್ಮತ್ತ ತಿರುಗಿತಾ, ಆಗಲೇ ಹಿಂದೆ ಸರೀಬೇಕು; ಎದ್ದು ನಿಂತ ಮೇಲಲ್ಲ.

ಇನ್ನು, ಪಾಸಿರ್ ರಿಸ್‌ನಲ್ಲಿ ಮೀನು ಎಸೆದು ಬಕವನ್ನ ಕೆಳಗೆ ಕರೆಯೋ ಆಸೆ ಯಾರಿಗಾದ್ರೂ ಇದ್ದರೆ, ಸಿಂಗಪುರದಲ್ಲಿ ಕಾಡುಪ್ರಾಣಿಗೆ ತಿನ್ನಲು ಹಾಕೋದು ಅಪರಾಧ. ಮೊದಲ ಸಲಕ್ಕೇ 5,000 ಡಾಲರ್‌ವರೆಗೆ ದಂಡ ಬೀಳಬಹುದು.